ಒಂದು ಕಿಲೋ

ಕಲಾಸಿಪಾಳ್ಯದ ಬೆಳ್ಳುಳ್ಳಿ ಮಂಡಿಯಲ್ಲಿ
ತಕ್ಕಡಿ ಎತ್ತಿ ನೋಡುವುದು ನನ್ನ ಸರ್ಕಾರಿ ಕೆಲಸ.
ತಳ ಕೊರೆದು ಅರಗು ತುಂಬಿದ ತೂಕದ ಬಟ್ಟು,
ತಟ್ಟೆಯಡಿ ಅಂಟಿಸಿದ ಅಯಸ್ಕಾಂತ,
"ಹುಣಸೆಹಣ್ಣು ಮೆತ್ತಿರಬೇಕು ಮೇಡಂ" ಎನ್ನುವ ನಗು.
ಎಲ್ಲ ಬರೆದುಕೊಂಡು, ಮುದ್ರೆಯೊತ್ತಿ,
ಬೆರಳ ತುದಿಯಲ್ಲಿ ಬೆಳ್ಳುಳ್ಳಿ ವಾಸನೆ ಹೊತ್ತು
ಮನೆಗೆ ಹೋಗುವುದಿಲ್ಲ.

ಮಂಗಳವಾರ, ಗುರುವಾರ ಕತ್ತಿ.
ಭಾನುವಾರ ರಿವಾಲ್ವರು.

ಕತ್ತಿ ಎಂದರೆ ನಗಬೇಡಿ. ಹರಿತವಿಲ್ಲ,
ಒತ್ತಿದರೆ ಬಿಲ್ಲು, ಬಿಟ್ಟರೆ ನೆಟ್ಟಗೆ.
ವಿಲ್ಸನ್ ಗಾರ್ಡನ್ನಿನ ಒಂದು ಮದುವೆ ಹಾಲು
ಮುಹೂರ್ತವಿಲ್ಲದ ದಿನ ನಮಗೆ ಬಾಡಿಗೆಗೆ;
ನೆಲಕ್ಕೆ ಟೇಪು ಅಂಟಿಸಿದ ಹದಿನಾಲ್ಕು ಮೀಟರು,
ಮೂಲೆಯಲ್ಲಿ ಯಾರದೋ ಆರತಕ್ಷತೆಯ ಬಾಡಿದ ಸೇವಂತಿಗೆ.
ಎದುರಿಗೆ ಟ್ಯಾನರಿ ರಸ್ತೆಯ ನಾಜ್ನೀನ್, ಹದಿನೇಳು.
ನಾನು ನಲವತ್ತೊಂಬತ್ತು.
ಅವಳು ಬರುವುದು ಕಾಣುವುದಿಲ್ಲ, ಬಂದದ್ದು ತಿಳಿಯುತ್ತದೆ:
ಎಡಪಕ್ಕೆಗೆ ಯಾರೋ ಬೆರಳೊತ್ತಿ ಕರೆದ ಹಾಗೆ.
ದೀಪ ಹತ್ತುವ ಯಂತ್ರ ಕೆಟ್ಟು ವರ್ಷವಾಯಿತು,
ಹಾಗಾಗಿ ನಮ್ಮಲ್ಲಿ ತಾಗಿಸಿಕೊಂಡವರೇ ಹೇಳಬೇಕು
ಮುಖವಾಡದೊಳಗಿಂದ, ಏದುಸಿರಲ್ಲಿ:
"ತಾಗಿತು."

ರಿವಾಲ್ವರಿನ ವ್ರತವೇ ಬೇರೆ.
ಅಲ್ಲಿ ಯಾರೂ ಮೈಮೇಲೆ ಬರುವುದಿಲ್ಲ.
ಇಪ್ಪತ್ತೈದು ಮೀಟರು ಆಚೆ
ಯಾರ ಮೇಲೂ ಸಿಟ್ಟಿಲ್ಲದ ಒಂದು ಕಪ್ಪು ವೃತ್ತ.
ಅಲ್ಲಾಡುವುದು ನಾನೊಬ್ಬಳೇ.
ಕಾಫಿ ಕುಡಿದರೆ ಅಲ್ಲಾಡುತ್ತೇನೆ, ಕುಡಿಯದಿದ್ದರೂ.
ಗುರುವಾರದ ಕತ್ತಿ ಭಾನುವಾರದ ಮಣಿಕಟ್ಟಿನಲ್ಲಿ
ಇನ್ನೂ ಮಿಡಿಯುತ್ತಿರುತ್ತದೆ.
"ಒಂದು ಕೈಗೆ ಇಬ್ಬರು ಯಜಮಾನರಾ ಅಮ್ಮಾ?"
ಎನ್ನುತ್ತಾರೆ ರೇಂಜಿನ ಲಾಜರಸ್ಸು,
ಲಿಂಗರಾಜಪುರದ ಹಳೇ ಹವಾಲ್ದಾರರು.
ಕಿವಿ ಅರ್ಧ ಹೋಗಿದೆ, ಕಣ್ಣು ಹೋಗಿಲ್ಲ.

ಎಲೆಕ್ಷನ್ ಬಂದರೆ ರಿವಾಲ್ವರು ಸ್ಟೇಷನ್ನಿನ ಕಪಾಟಿಗೆ,
ನನ್ನ ಕೈಗೊಂದು ರಸೀದಿ.
ಆಗ ಇಸ್ತ್ರಿಪೆಟ್ಟಿಗೆ ಹಿಡಿದು ಕೈಚಾಚಿ ನಿಲ್ಲುತ್ತೇನೆ
ಅಡುಗೆಮನೆ ಕ್ಯಾಲೆಂಡರಿನ ಸಂಕಷ್ಟಿಗೆ ಗುರಿಯಿಟ್ಟು.
ಅಕ್ಕ ಹಣೆ ಚಚ್ಚಿಕೊಳ್ಳುತ್ತಾಳೆ.
ಕತ್ತಿಗೆ ಮಾತ್ರ ಯಾರೂ ಲೈಸೆನ್ಸು ಕೇಳುವುದಿಲ್ಲ.

ಮೊನ್ನೆ ಪಂದ್ಯ.
ಮೊದಲು ಟ್ರಿಗರಿನ ಪರೀಕ್ಷೆ:
ನಳಿಗೆಯನ್ನು ಆಕಾಶಕ್ಕೆ ನಿಲ್ಲಿಸಿ
ಒಂದು ಕಿಲೋದ ಬಟ್ಟನ್ನು ಟ್ರಿಗರಿಗೆ ನೇತುಹಾಕಿ ಎತ್ತುತ್ತಾರೆ.
ಟಕ್ಕೆಂದರೆ ನೀವು ಹೊರಗೆ.
ಎಲ್ಲರೂ ಟ್ರಿಗರು ನೋಡುತ್ತಿದ್ದರು, ನಾನು ಬಟ್ಟು ನೋಡಿದೆ.
ಮುದ್ರೆಯಿಲ್ಲ.
ಬಗ್ಗಿ ತಳ ನೋಡಿದೆ. ಅಲ್ಲೂ ಇಲ್ಲ.
ಬಾಯಿಗೆ ಬಂದದ್ದನ್ನು ನುಂಗಿದೆ.
ಭಾನುವಾರ. ರಜೆ.

ಆರು ಗೂಡು, ಐದಕ್ಕೇ ಗುಂಡು, ನಿಯಮ ಹಾಗೆ.
ಆರನೆಯದು ಬರಿದೇ ತಿರುಗುತ್ತದೆ,
ಪಂಕ್ತಿಯಲ್ಲಿ ಬಾರದವರಿಗೆ ಹಾಕಿದ ಎಲೆಯಂತೆ.
ಕೈ ಎತ್ತಿದೆ. ಅರ್ಧ ಉಸಿರು ಬಿಟ್ಟೆ.
ಮದ್ದಿನ ಹೊಗೆಯ ನಡುವೆಯೂ ಬೆಳ್ಳುಳ್ಳಿ.

ಕೊನೆಯ ಗುಂಡು ಒಂಬತ್ತಕ್ಕೂ ಹತ್ತಕ್ಕೂ ನಡುವೆ,
ಗೆರೆಯ ಪಕ್ಕ.
ಗೆರೆ ಮುಟ್ಟಿದ್ದರೆ ಹತ್ತು; ಹತ್ತಾದರೆ ಮೂರನೇ ಸ್ಥಾನ.
ಲಾಜರಸ್ಸು ರಂಧ್ರಕ್ಕೆ ಅಳತೆಗೂಟ ಇಳಿಸಿ
ಭೂತಗನ್ನಡಿ ಹಿಡಿದು ಬಹಳ ಹೊತ್ತು ಬಗ್ಗಿದ್ದರು.
ಆಮೇಲೆ ನನ್ನ ಮುಖ ನೋಡಿದರು.
"ತಾಗಿದೆ ಅನ್ಸುತ್ತಮ್ಮ."

ಇಪ್ಪತ್ತೆರಡು ವರ್ಷ ತಕ್ಕಡಿಯ ಮುಳ್ಳು ನೋಡಿದ ಕಣ್ಣು.
ಎಷ್ಟೋ ಅಂಗಡಿಯಲ್ಲಿ ಕೂದಲೆಳೆ ಬಿಟ್ಟುಕೊಟ್ಟಿದೆ, ಅದೂ ನಿಜ.
ಬಗ್ಗಿದೆ.
ಬಿಳಿ ಗೆರೆಗೂ ರಂಧ್ರಕ್ಕೂ ನಡುವೆ
ಕಪ್ಪು ಕಾಗದದ ಒಂದೇ ಒಂದು ನಾರು.
ಮುಖವಾಡವಿಲ್ಲದೆ ಹೇಳುವುದು ಇಷ್ಟು ಕಷ್ಟವೆಂದು
ಗೊತ್ತಿರಲಿಲ್ಲ:
"ತಾಗಿಲ್ಲ."

ಸೋಮವಾರ ಕಚೇರಿಯಲ್ಲಿ ಮೊದಲ ಕೆಲಸ,
ರೇಂಜಿಗೊಂದು ನೋಟೀಸು:
ಬಟ್ಟು ಒಂದು, ಒಂದು ಕಿಲೋ, ಮುದ್ರೆ ಇಲ್ಲ.
ಲಾಜರಸ್ಸು ಫೋನಿನಲ್ಲಿ ಬಹಳ ಹೊತ್ತು ನಕ್ಕರು,
ಅಥವಾ ಕೆಮ್ಮಿದರು.

ಮಂಗಳವಾರ ನಾಜ್ನೀನ್ ಮುಖವಾಡ ಇಳಿಸುತ್ತಾ
"ಪದಕ ಬಂತಾ ಆಂಟಿ?" ಎಂದಳು.
ನಾನು ಬಾಯಿ ತೆರೆಯುವಷ್ಟರಲ್ಲಿ
ಎಡಪಕ್ಕೆ, ಅದೇ ಜಾಗ.