ಹಗ್ಗದ ಈ ತುದಿ

ವೈಟ್‌ಫೀಲ್ಡಿನ ಒಳ ಸರ್ಕಲ್ಲಿಗೆ ಮೂಲೆಯಿಲ್ಲ.
ಗುಡಿಸುವವಳಿಗೆ ಅದೇ ಫಜೀತಿ,
ಎಲೆ ಎಲ್ಲಿ ಒಟ್ಟೋದು?
ಒಂದು ಸುತ್ತು ಮುಗಿಸಿ ಬಂದರೆ
ಶುರು ಮಾಡಿದ ಕಡೆಯೇ ಮಳೆಮರ
ಮತ್ತೆ ಉದುರಿಸಿ, ಏನೂ ಗೊತ್ತಿಲ್ಲದಂತೆ ನಿಂತಿರುತ್ತೆ.

ಅಜ್ಜನ ತಾತ ಪಿಳ್ಳಪ್ಪ
ನಟ್ಟನಡುವೆ ಗೂಟ ಹಿಡಿದು ಕೂತಿದ್ದನಂತೆ.
ಹಗ್ಗದ ಆ ತುದಿಗೆ ಟೊಪ್ಪಿಯ ದೊರೆ,
ಹಿಂದೆ ಸುಣ್ಣ ಸುರಿಯುತ್ತಾ ಒಬ್ಬ ಹುಡುಗ.
'ಅಲುಗಬೇಡ' ಅಂದದ್ದೊಂದೇ ಮಾತು,
ಅದೂ ತಮಿಳಲ್ಲಿ.
ಅಲುಗಲಿಲ್ಲ ತಾತ.
ಬಿಸಿಲು ಅಲುಗಿತು, ನೆರಳು ಅಲುಗಿತು,
ಹಗದೂರಿನ ಎಮ್ಮೆಯೊಂದು ಬಂದು
ಬಿಗಿಹಗ್ಗಕ್ಕೆ ಎದೆ ಕೊಟ್ಟು,
ಎಳೆದು, ಬೈಸಿಕೊಂಡು, ಕೆರೆ ಕಡೆ ಹೋಯಿತು.
ಆಗ ಗೂಟ ಒಂದು ಗೇಣು ವಾಲಿತಂತೆ.
ದೊರೆ ನೋಡಲಿಲ್ಲ. ತಾತ ಹೇಳಲಿಲ್ಲ.
ನಂಬದಿದ್ದರೆ ನಡೆದು ನೋಡಿ,
ಹಳೇ ಹೆಂಚಿನ ಮನೆಯ ಗೇಟಿನೆದುರು
ಎಂಟು ಹೆಜ್ಜೆ ದೂರ
ಸರ್ಕಲ್ಲಿಗೆ ಹೊಟ್ಟೆ ಬಂದಿದೆ.

ಅದಕ್ಕೂ ಮುಂಚೆ ಗೋಮಾಳ.
ಅಳೆದ ಮೇಲೆ ಗ್ರೀನ್.
ಗರಿಕೆಗೆ ಯಾರೂ ಹೇಳಲಿಲ್ಲ,
ಅದು ಗರಿಕೆಯಾಗಿಯೇ ಉಳಿಯಿತು,
ಗೌರಿ ಹಬ್ಬದ ಮಾರನೇ ದಿನ
ಈಗಲೂ ಇಪ್ಪತ್ತೊಂದು ಎಣಿಸಿ ಕೀಳುತ್ತೇನೆ.

ಸುತ್ತ ಬಂದು ಮನೆ ಕಟ್ಟಿದವರು
ಪೂರಾ ಬಿಳಿಯರಲ್ಲ, ಪೂರಾ ನಮ್ಮವರೂ ಅಲ್ಲ.
ಉಳಲು ಬಂದವರು ಅಂತಿದ್ದಳು ಅಜ್ಜಿ.
ಗಾಡಿಯಲ್ಲಿ ಪಿಯಾನೋ ಇಳಿಯಿತು,
ನೇಗಿಲು ಮಾತ್ರ
ನಮ್ಮಪ್ಪನ ಮನೆಯಿಂದಲೇ ಎರವಲು
ಅಂತ ನಗುತ್ತಿದ್ದಳು.

ಅಮ್ಮ ಸೈಕಲ್ ಕಲಿತದ್ದು ಇಲ್ಲೇ.
ಹೇಜಲ್ ದೊರೆಸಾನಿ ಸೀಟು ಹಿಡಿದು
ಗೌನು ಎತ್ತಿಕಟ್ಟಿ ಹಿಂದೆ ಓಡಿದ್ದಳು.
ಓಡುತ್ತಾ ಯಾವಾಗ ಕೈಬಿಟ್ಟಳೋ
ಅಮ್ಮನಿಗೆ ಗೊತ್ತೇ ಆಗಲಿಲ್ಲ,
ಎದುರಿನಿಂದ ದೊರೆಸಾನಿ ಕೈ ಬೀಸುತ್ತಾ ನಿಂತದ್ದು ಕಂಡು
ಬಿದ್ದಳು.
ಸುತ್ತಿದ್ದೆಲ್ಲ ಬಲಕ್ಕೇ ಅಲ್ಲವೇ,
ಇವತ್ತಿಗೂ ಎಡಕ್ಕೆ ತಿರುಗಬೇಕೆಂದರೆ
ಇಳಿದು ತಳ್ಳುತ್ತಾಳೆ.

ಹೋದ ತಿಂಗಳು ಒಂದು ಬೋರ್ಡು ಬಂತು.
ಪರಂಪರೆ ಅಂತ ಬರೆದಿದೆ, ಟೊಪ್ಪಿಯವರ ಹೆಸರಿದೆ,
ದನ ಮೇಯಿಸಬಾರದು ಅಂತಲೂ ಇದೆ.
ಎಮ್ಮೆಯ ವಿಷಯ ಇಲ್ಲ.
ಬೋರ್ಡಿನ ಹಿಂದೆ ನೆರಳು ಚೆನ್ನಾಗಿದೆ,
ಪೊರಕೆ ಅಲ್ಲೇ ಇಡುತ್ತೇನೆ.

ಎತ್ತರದ ದೀಪಕ್ಕೆ ನಡುವೆ ಗುಂಡಿ ತೋಡುವಾಗ
ಜೆಸಿಬಿ ಹಲ್ಲಿಗೆ ಠಣ್ ಅಂತ ಕಬ್ಬಿಣ ತಗುಲಿತು.
ಮೊಳದುದ್ದ, ತುಕ್ಕು, ತಲೆ ಚಪ್ಪಟೆ.
'ಗುಜರಿಗೆ ಹಾಕಿದರೆ ಟೀ ಕಾಸು, ಪಾಪಕ್ಕಾ'
ಅಂದ ಮೇಸ್ತ್ರಿ.
ಹಾಕಲಿಲ್ಲ.
ಅದೇ ಗೂಟ ಅಂತ ಆಣೆ ಇಡಲಾರೆ.
ಸರ್ಕಸ್ಸಿನ ಡೇರೆಯದಿರಬಹುದು,
ಯಾರದೋ ಕುದುರೆಯದು,
ಎಮ್ಮೆಯದೇ ಇರಬಹುದು.
ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು
ಅಲುಗದೆ ಕೂತು ನೋಡಿದೆ.
ಕಾಲು ಜೋಮು ಹಿಡಿಯಿತು, ಅಷ್ಟೇ.

ಈಗ ಬೆಳಗಿನ ಐದೂವರೆಗೆ
ಅದನ್ನು ಹುಲ್ಲಿನಂಚಿಗೆ ಊರಿ
ಗೋಣಿಚೀಲದ ಬಾಯಿ ಸಿಕ್ಕಿಸುತ್ತೇನೆ.
ಎಲ್ಲಿ ಊರುತ್ತೇನೋ ಅಂದಿಗೆ ಅದೇ ಮೂಲೆ.
ನಿನ್ನೆ ಆ ಹೊಟ್ಟೆ ಬಂದ ಕಡೆ ಊರಿದ್ದೆ.
ಎಲೆ ಎರಡು ಚೀಲ ಜಾಸ್ತಿ ಹಿಡಿಯಿತು.