ಇಪ್ಪತ್ತೆಂಟು ಟನ್ನಿನ ಮೇಲೆ

ಪುಯೆರ್ತೊ ದೆಸೆಯಾದೊ ಬಂದರಿನ ವೇಬ್ರಿಡ್ಜ್ ಹೇಳಿತು:
ಹೆಪ್ಪುಗಟ್ಟಿದ ಸ್ಕ್ವಿಡ್, ಇಪ್ಪತ್ತೆಂಟು ಟನ್ನು.
ಚೀಟಿಗೆ ಠಸ್ಸೆ ಬಿತ್ತು.
ನಾನು ಹೊತ್ತಿದ್ದ ಇನ್ನೊಂದು ಸರಕನ್ನು
ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ:
ಮಗಳ ಹಲ್ಲುನೋವಿಗೆ ಹೋದ ಒಂದು ರಾತ್ರಿ,
ಲೋಡಿನ ಸಾಲಿನಲ್ಲಿ ಕಾದು ಕೂತ ಇನ್ನೊಂದು.
ತೂಕಡಿಕೆಯ ತೂಕಕ್ಕೆ ತಕ್ಕಡಿ ಇಲ್ಲ.

ಪ್ಯಾಟಗೋನಿಯದಲ್ಲಿ ಬಡಗಲಿಗೆ ಹೊರಟವರನ್ನು
ಹಗಲೆಲ್ಲ ಗಾಳಿ ಎಡದಿಂದ ನೂಕುತ್ತದೆ.
ನೇರ ಹೋಗಬೇಕೆಂದರೆ ಸ್ಟಿಯರಿಂಗನ್ನು
ಎರಡು ಬೆರಳಷ್ಟು ಎಡಕ್ಕೇ ಹಿಡಿದಿರಬೇಕು,
ಮೊಂಡು ಕುದುರೆಯ ಲಗಾಮಿನ ಹಾಗೆ.
ಆ ಜಗಳವೇ ನನ್ನನ್ನು ಎಚ್ಚರವಿಟ್ಟಿತ್ತು.
ಕತ್ತಲಾದ ಮೇಲೆ ಗಾಳಿ ಬಿತ್ತು.
ಕೈಗೆ ಗೊತ್ತಾಗಲಿಲ್ಲ.
ಅದು ಎಡಕ್ಕೇ ಎಳೆಯುತ್ತಿತ್ತು,
ಎದುರಿನಿಂದ ಬರುವವರ ಕಡೆಗೆ.

ಮೊದಲು ಆಕಳಿಕೆ. ಅದಕ್ಕೆ ನಾನು ಹೆದರುವವಳಲ್ಲ,
ಬಾಗಿಲು ತಟ್ಟಿ ಬರುವ ನೆಂಟ ಅದು.
ಹೆದರಬೇಕಾದ್ದು ಜೋಂಪಿಗೆ.
ಹಿತ್ತಲಿಂದ ಬಂದು ಆಗಲೇ ಒಳಗೆ ಕೂತಿರುತ್ತದೆ;
ನಾನು ರೇಡಿಯೊ ಜೋರು ಮಾಡಿದರೆ
ಅದೂ ಕೇಳುತ್ತಿರುತ್ತದೆ.
ಕಿಟಕಿ ಇಳಿಸಿದೆ. ಚಳಿ ಕೆನ್ನೆಗೆ ಹೊಡೆಯಿತು.
ಎರಡು ನಿಮಿಷ ಎಚ್ಚರವಾಗಿತ್ತು, ಕೆನ್ನೆ ಮಾತ್ರ.
ಫ್ಲಾಸ್ಕಿನ ಬಿಸಿನೀರು ಸುರಿದು ಮಾತೆ ಹೀರಿದೆ.
ಕಹಿ ಎಲೆಗೂ ನಾಲಗೆಗೂ ಅಷ್ಟೇ ಮಾತುಕತೆ,
ಕಣ್ಣಿಗೆ ಸುದ್ದಿ ಮುಟ್ಟಲಿಲ್ಲ.

ರಸ್ತೆಯ ನಡುವೆ ಗ್ವಾನಾಕೊ ಒಂದು ಕತ್ತೆತ್ತಿ ನಿಂತಿತ್ತು.
ಬ್ರೇಕ್ ಒತ್ತಿದೆ.
ಗ್ವಾನಾಕೊ ಇರಲಿಲ್ಲ.

ಆಗ ಕೇಳಿಕೊಂಡೆ:
ದೆಲ್ಫಿನಾ, ಗರಾಯಾಲ್ದೆ ದಾಟಿತೇ?
ಬಂಕಿನಲ್ಲಿ ದೀಪ ಉರಿಯುತ್ತಿತ್ತೇ?
ಒಂದು ಇಡೀ ಊರು ಕಣ್ಣ ಮುಂದೆಯೇ ಹಾದುಹೋಗಿತ್ತು.
ಕಣ್ಣು ತೆರೆದೇ ಇತ್ತು.
ಮನೆಯಲ್ಲಿ ಯಾರೂ ಇರಲಿಲ್ಲ.

ನಮ್ಮ ಓರೆಸ್ತೆ ಪಿಚಿನ್ಯಾನ್ ಹೊಸಬರಿಗೆ ಭಾಷಣ ಮಾಡುವುದಿಲ್ಲ.
ನಡೆಸುತ್ತಾನೆ.
ಗೇಟಿನಿಂದ ಟೈರ್ ಶೆಡ್ಡಿಗೆ, ಅಲ್ಲಿಂದ ವಾಪಸು ಅರ್ಧ:
ಇನ್ನೂರ ಹದಿನಾಲ್ಕು ಹೆಜ್ಜೆ, ಬಾಯಿಬಿಟ್ಟು ಎಣಿಸಬೇಕು.
ಒಂದು ಬೆಳಗಿನ ಜಾವ ಅವನ ರೆಪ್ಪೆ ಮುಚ್ಚಿ ತೆರೆಯುವಷ್ಟರಲ್ಲಿ
ಲಾರಿ ತಾನೇ ಹೋದ ದೂರ ಅದು.
ಮುಳ್ಳುಪೊದೆಗಳ ನಡುವೆ ಟೈರಿನ ಗುರುತನ್ನು
ಮಾರನೆಯ ದಿನ, ಕೈಗೆ ಪಟ್ಟಿ ಕಟ್ಟಿಕೊಂಡೇ, ಅಳೆದಿದ್ದ.
"ಒಂಚೂರು ಕಣ್ಣು ಹತ್ತಿತ್ತು" ಅಂದಿದ್ದನಂತೆ ಪೊಲೀಸರಿಗೆ.
ಒಂಚೂರು ಅಂದರೆ ಎಷ್ಟು, ನಡೆದು ನೋಡಿ ಅನ್ನುತ್ತಾನೆ.
ನಾನು ನಗುತ್ತ ಹೊರಟಿದ್ದೆ.
ನೂರರ ಹತ್ತಿರ ನಗು ನಿಂತಿತ್ತು.

ದಿಫುಂತಾಳ ಗುಡಿಯ ಪಕ್ಕ ಲಾರಿ ನಿಲ್ಲಿಸಿದೆ.
ಗುಡಿ ಅಂದರೆ ಮೊಣಕಾಲೆತ್ತರದ ಗೂಡು,
ಸುತ್ತ ನೂರಾರು ನೀರಿನ ಬಾಟಲಿ.
ಮರಳುಗಾಡಿನಲ್ಲಿ ಬಾಯಾರಿ ಸತ್ತವಳು,
ಸತ್ತ ಮೇಲೂ ಕೂಸಿಗೆ ಹಾಲೂಡಿದವಳು;
ಅವಳಿಗೆಂದು ಡ್ರೈವರುಗಳು ಇಟ್ಟುಹೋಗುವ ನೀರು.
ನಿದ್ದೆಗೆಟ್ಟು ಸತ್ತವರಿಗೆ ಏನಿಡಬೇಕೋ
ಯಾರೂ ಹೇಳಿಕೊಟ್ಟಿಲ್ಲ.

ಫೋನಿನಲ್ಲಿ ಬೆಲಿಸಾರಿಯೊ:
"ಎಲ್ಲಿದ್ದೀ? ಹಡಗು ಕಾಯುವುದಿಲ್ಲ."
"ನಿದ್ದೆಯಲ್ಲಿದ್ದೇನೆ" ಅಂದೆ.
ಅವನು ನಕ್ಕ. ನಾನು ನಗಲಿಲ್ಲ.
ಇಪ್ಪತ್ತು ನಿಮಿಷಕ್ಕೆ ಅಲಾರಮ್ ಇಟ್ಟು ಸೀಟು ಒರಗಿಸಿದೆ.
ಹಿಂದೆ ಫ್ರೀಜರ್ ಗುಂಯ್‌ಗುಡುತ್ತಲೇ ಇತ್ತು.
ಅದಕ್ಕೆ ನಿದ್ದೆ ಬೇಡ. ಅದು ಯಂತ್ರ.

ಎದ್ದ ಕೂಡಲೇ ಕೈಗೆ ಕೀಲಿ ಕೊಡಬಾರದು,
ಕಣ್ಣು ಬಿಟ್ಟಮೇಲೂ ಬುದ್ಧಿ ಹಾಸಿಗೆಯಲ್ಲೇ ಹೊರಳುತ್ತಿರುತ್ತದೆ.
ಕೆಳಗಿಳಿದೆ. ಟೈರುಗಳನ್ನು ಒದ್ದು ನೋಡಿದೆ.
ರಸ್ತೆಯಂಚಿನ ಜಲ್ಲಿಯ ಮೇಲೆ ಎಣಿಸುತ್ತ ನಡೆದೆ,
ಒಂದು, ಎರಡು, ಓರೆಸ್ತೆಯ ಲೆಕ್ಕದ ಹಾಗೆ.
ನೂರ ಮೂವತ್ತರವರೆಗೆ ಸರಿಯಿತ್ತು.
ಆಮೇಲೆ ನೂರ ಇಪ್ಪತ್ತು ಬಂತು.
ಆಮೇಲೆ ಮಗಳ ಹಲ್ಲು ಬಂತು.

ನಿಂತೆ.
ಅಲ್ಲಿಂದ ಲಾರಿ ಬೆಂಕಿಪೊಟ್ಟಣದಷ್ಟು ಕಾಣುತ್ತಿತ್ತು.
ಹಿಂದಿರುಗಿ, ಬಾಟಲಿಯಲ್ಲಿ ಉಳಿದ ಅರ್ಧ ನೀರನ್ನು
ಉಳಿದ ಬಾಟಲಿಗಳ ಜೊತೆಗಿಟ್ಟೆ.
ಕ್ಯಾಬಿನ್ ಹತ್ತಿ ಪರದೆ ಎಳೆದೆ, ಬೂಟು ಬಿಚ್ಚಿದೆ.
ಈ ಸಲ ಅಲಾರಮ್ ಇಡಲಿಲ್ಲ.