ತಾಮ್ರದ ತೂಕ

ಹನ್ನೊಂದೂವರಿ ಸಾವಿರ. ಅದರಾಗ ಎರಡು ಸಾವಿರ
ಕುಂದಗೋಳದ ಬೋರ್‌ವೆಲ್ ಮೋಟರಿಂದು, ಇನ್ನೂ ಬಂದಿಲ್ಲ.
ಅಂದ್ರ ಒಂಬತ್ತೂವರಿ.
ಇಷ್ಟರೊಳಗ ದಸ್ತಗೀರನ ಡ್ರಮ್ಮಿನ ಎದುರು ನಿಂತು
ಮಾತಾಡೂ ಪೆಟ್ಟಿಗಿ ಬೇಕು ನನಗ.

ದಸ್ತಗೀರ ಹೆಂಗ ಬಾರಸತಾನ, ನಿಮಗ ಗೊತ್ತಿಲ್ಲ.
ವಾರೆಲ್ಲಾ ಗ್ಯಾರೇಜಿನಾಗ ಲಾರಿ ಮಡ್‌ಗಾರ್ಡ್ ಬಡದು ಸಪಾಟ ಮಾಡಾಂವ,
ರವಿವಾರ ಗಿರಣಿ ಚಾಳಿನ ನಮ್ಮ ಗೋದಾಮಿಗೆ ಬಂದು
ಮಡ್‌ಗಾರ್ಡ್ ಇಲ್ಲದ ಸಿಟ್ಟು ತೀರಿಸಿಕೋತಾನ.
ಎಬಿನೇಜರನ ಗಿಟಾರು ಹಲಗಿ ಕೊಯ್ಯೂ ಮಷಿನ್ನು.
ನಡುವ ನಾನು,
ನಾಲ್ಕು ದಪ್ಪ ತಂತಿ, ಹದಿನೈದು ವ್ಯಾಟಿನ ಡಬ್ಬಿ,
ಮದುವಿ ಮನ್ಯಾಗ ಹಲ್ಲಿಲ್ಲದ ಮುದುಕ ಹರಸಿದಂಗ:
ತುಟಿ ಅಳ್ಳಾಡತಾವ, ಅಷ್ಟ.

"ಇವತ್ತು ಭಾಳ ಚಲೋ ಬಾರಿಸಿದಿ" ಅಂದ್ಳು ರೋಹಿಣಿ ಒಂದಿನ.
ತಾಸಿನಿಂದ ನನ್ನ ವಾಯರು
ಕಳಚಿ ನೆಲದ ಮ್ಯಾಲೆ ಬಿದ್ದಿತ್ತು.

ದಾಜಿಬಾನ ಪೇಟಿ ಹಿಂದಿನ ಓಣಿ. ತುಳಜಣಸಾನ ಅಂಗಡಿ.
ಹೊಸಾದೊಂದು ತೋರಿಸಿದ. ನಲವತ್ತು ವ್ಯಾಟು, ನೀಲಿ ದೀಪ,
ಈ ಗುಂಡಿ ಒತ್ತಿದರ ಗುಡಿಯೊಳಗ ಬಾರಿಸಿದಂಗ,
ಆ ಗುಂಡಿ ಒತ್ತಿದರ ಬಾವಿಯೊಳಗ.
ಕಿರುಬೆರಳಿಲೆ ಎತ್ತಬಹುದು.
ಅದಕ್ಕ ನನಗ ಸಂಶಯ.

ನಾನು ಮೋಟರ್ ಸುತ್ತಾಂವ.
ಹದಿನಾರು ವರ್ಷ, ಸುಟ್ಟ ಕಾಯಿಲ್ ಬಿಚ್ಚಿ
ಹೊಸಾ ತಂತಿ ಸುತ್ತೇನಿ, ವಾರ್ನಿಷ್ ಕುಡಿಸೇನಿ.
ಮ್ಯಾಲೆ ಬರದ ಎಚ್‌ಪಿ ಓದಂಗಿಲ್ಲ, ಎತ್ತಿ ನೋಡತೇನಿ.
ಚೀಟಿ ಸುಳ್ಳು ಹೇಳತದ.
ತಾಮ್ರಕ್ಕ ಅದು ಬರಂಗಿಲ್ಲ.

ಕೆಟ್ಟ ಕೂಲರಿನ ಹಿಂದ, ಮೂಲ್ಯಾಗ,
ಮುಚ್ಚಿಹೋದ ಆರ್ಕೆಸ್ಟ್ರಾ ಪಾರ್ಟಿಯೊಂದರ ಕರೇ ಪೆಟ್ಟಿಗಿ.
ಹದಿನೈದು ಇಂಚಿನ ಸ್ಪೀಕರು. ಜಾಳಗಿ ಹರದದ.
ಬೆನ್ನ ಮ್ಯಾಲೆ ಸೀಮೆಸುಣ್ಣದಾಗ:
ನವಲಗುಂದ, ಎರಡು ದಿವಸ, ಬಾಕಿ ಎಂಟನೂರು.
ವ್ಯಾಟು ಎಷ್ಟು ಅಂದೆ.
"ನೂರಾ ಐವತ್ತು ಇರಬೇಕು. ಚೀಟಿ ಇಲಿ ತಿಂದದ."
ಎತ್ತಲಿಕ್ಕೆ ಹೋದೆ. ಏಳಲಿಲ್ಲ.
ಮನಸಿಗೆ ಸಮಾಧಾನಾತು.

ಪ್ಲಗ್ ಚುಚ್ಚಿದ ಕೂಡ್ಲೆ ಹೂಂ ಅಂತು.
ಈ ಹೂಂ ನನಗ ಹೊಸದಲ್ಲ, ದಿನಾ ಇದರ ಜೋಡಿ ಊಟ ಮಾಡಾಂವ.
ದಪ್ಪ ತಂತಿಯ ಮೂರನೇ ಮನ್ಯಾಗ
ಹೆಸ್ಕಾಂ ಕುಂತಿರತದ, ಕೂದಲೆಳಿಯಷ್ಟು ಮ್ಯಾಲೆ.
ಅಲ್ಲೇ ಬೆರಳಿಟ್ಟು ಮೀಟಿದೆ.
ಕರೆಂಟು, ನಾನು, ಕೂಡವಲ್ವಿ, ಅಗಲವಲ್ವಿ;
ಮೇದು ಮಲಗಿದ ಎಮ್ಮಿ ಹೊಟ್ಟಿ ಹಂಗ
ಆ ಸ್ವರ ಏರಿತು, ಇಳೀತು, ಏರಿತು.

ಆಮ್ಯಾಲೆ ಬರೇ ತಂತಿ ಬಿಟ್ಟೆ, ಗುಂಡಿ ಅರ್ಧಕ್ಕಿಟ್ಟು.
ಸಣ್ಣ ಡಬ್ಬಿ ಪೂರಾ ತಿರುವಿದರ ಚೀರತದ,
ಹರೀತದ, ಪಾಪ. ಇದು ಚೀರಲಿಲ್ಲ.
ನನ್ನ ಅಂಗಿ ಗುಂಡಿಗೆ ಗೊತ್ತಾತು ಮೊದಲು,
ಕಿವಿಗೆ ಆಮ್ಯಾಲೆ.
ಮಗ್ಗಲ ಬೆಳ್ಳಿ ಅಂಗಡಿ ಮೆಹರವಾಡೆ ಹೊರಗ ಬಂದು ಒದರಿದ:
"ಯಾರಪಾ ಅದು? ತಕ್ಕಡಿ ನಿಲ್ಲವಲ್ದು!
ಗಿರಾಕಿ ಕಾಲುಂಗುರ ಹೆಂಗ ತೂಗಲಿ?"

ಹನ್ನೆರಡು ಅಂದ ತುಳಜಣಸಾ. ನಾ ಎಂಟು ಅಂದೆ.
ಹೂಂ ಅನ್ನೂ ರೋಗ ಅದ ಅಂದೆ.
"ಅದಕ್ಕ ನೀನ ಡಾಕ್ಟರು" ಅಂದ.
ಒಂಬತ್ತಕ್ಕ ಮುಗೀತು, ಮ್ಯಾಲೆ
ಆ ಕೂಲರಿನ ಮೋಟರ್ ಪುಕ್ಕಟೆ ಸುತ್ತಿಕೊಡೂದು.
ಆಟೋದಾಂವ ಪೆಟ್ಟಿಗಿ ನೋಡಿ
ಎರಡು ಸೀಟಿನ ಬಾಡಿಗಿ ತಗೊಂಡ,
ನನಗ ಹಿಂದ ಜಾಗಾ ಇರಲಿಲ್ಲ.

ಅರ್ಥಿಂಗ್ ವಾಯರು ಸಡಲಾಗಿತ್ತು. ಹತ್ತು ನಿಮಿಷದ ಕೆಲಸ.

ರವಿವಾರ. ದಸ್ತಗೀರ ನಡುವ ಕೈ ನಿಲ್ಲಿಸಿ
ತನ್ನ ಸ್ಟೂಲು ಬಗ್ಗಿ ನೋಡಿದ,
ಯಾರೋ ಕೆಳಗಿಂದ ತಟ್ಟಿದರೇನೋ ಅಂತ.
ಎಬಿನೇಜರ ತನ್ನ ಗುಂಡಿ ಇನ್ನಷ್ಟು ತಿರುವಿದ, ಅಂವ ಹಂಗ.
ಹಾಡು ಮುಗದ ಮ್ಯಾಲೆ ರೋಹಿಣಿ ನೀರು ಕುಡದು,
ಬಾಟ್ಲಿ ಮುಚ್ಚಿ, ನನ್ನ ಕಡೆ ತಿರಗಿ:
"ಎರಡನೇ ನುಡಿಯೊಳಗ ತಪ್ಪಿದಿ ನೋಡು."

ಮೂರು ವರ್ಷ ಅಲ್ಲೇ ತಪ್ಪತಿದ್ದೆ.

ಇನ್ನ ಗಾಲಿ ಹಚ್ಚಬೇಕು ಇದಕ್ಕ, ನಾಲ್ಕು.
ಕುಂದಗೋಳದಾಂವ ಫೋನ್ ಎತ್ತವಲ್ಲ.